ಹತ್ತಿಯ ಹಿಮ

ವೇದಿಕೆಯ ಮೇಲೆ ಹಿಮ ಬೀಳುತ್ತಿತ್ತು. ನಿಧಾನಕ್ಕೆ ತಿರುಗುತ್ತಿದ್ದ ಫ್ಯಾನಿನ ರೆಕ್ಕೆಗಳ ಮೇಲಿಟ್ಟಿದ್ದ ಹತ್ತಿಯ ಎಳೆಗಳು ಒಂದೊಂದಾಗಿ ಬಿಡಿಸಿಕೊಂಡು, ಯಾವ ಅವಸರವೂ ಇಲ್ಲದೆ ತೇಲಿ ಇಳಿಯುತ್ತಿದ್ದವು. ಗುಂಡ್ಲುಪೇಟೆಯ ಆ ಕಾಲೇಜಿನ ಸಭಾಂಗಣದ ಕಿಟಕಿಗಳಿಗೆಲ್ಲ ನೀಲಿ ಬಟ್ಟೆ ಕಟ್ಟಿ, ಮಧ್ಯಾಹ್ನವನ್ನೇ ಮುಸ್ಸಂಜೆ ಮಾಡಿದ್ದರು. ಹಿಂದಿನ ಸಾಲಿನಲ್ಲಿ ಕುರ್ಚಿಯ ತುದಿಗೆ ಕೂತಿದ್ದ ಚಿಕ್ಕಮಾದುವಿನ ಟವೆಲ್ಲಿನ ಮೇಲೂ ಒಂದು ಎಳೆ ಬಂದು ಕೂತಿತು. ಕೊಡವಲು ಮನಸ್ಸಾಗದೆ ಹಾಗೇ ಬಿಟ್ಟ.

ಅವನು ನಾಟಕ ನೋಡಲು ಬಂದವನಲ್ಲ. ಮಗಳು ರಂಜಿನಿಯನ್ನು ತೆರಕಣಾಂಬಿಗೆ ಕರೆದೊಯ್ಯಲು ಬೇಗೂರಿನಿಂದ ಬಂದಿದ್ದ. ಅಲ್ಲಿ ಅವನ ಅಕ್ಕ ಚಿಕ್ಕನಿಂಗಮ್ಮ, “ಹುಡ್ಗೀನೂ ಕರ್ಕೊಂಡು ಬಾ, ಮದ್ವೆ ದಿನ ಇಟ್ಬುಡನ” ಎಂದು ಹೇಳಿಕಳಿಸಿದ್ದಳು. ಅಕ್ಕನ ಮಗ ಗಣೇಶನಿಗೆ ರಂಜಿನಿ ಎನ್ನುವುದು ಅವಳು ತೊಟ್ಟಿಲಲ್ಲಿದ್ದಾಗಲೇ ಆದ ಮಾತು. ತಾಯಿ ಇಲ್ಲದ ತಮ್ಮನನ್ನು ಕಂಕುಳಲ್ಲಿ ಹೊತ್ತು ಸಾಕಿದ ಅಕ್ಕ, ಅವನಿಂದ ಬೇರೇನನ್ನೂ ಕೇಳಿದವಳಲ್ಲ.

ಇಂಗ್ಲಿಷ್ ಮೇಷ್ಟ್ರು ಸುನೀಲ್ ಕುಮಾರ್ ಬಂದು ಪಕ್ಕದಲ್ಲೇ ಕೂತರು. “ರಂಜಿನಿ ತಂದೆಯವರಾ? ಇದು ಅಮೆರಿಕದ ಹಳೇ ಕಥೆ. ಕ್ಲಾಸಲ್ಲಿ ಓದಿದ್ದನ್ನೇ ಹುಡುಗರು ನಾಟಕ ಮಾಡ್ಕೊಂಡಿದಾರೆ. ನಿಮ್ಮ ಮಗಳದ್ದೇ ಮುಖ್ಯ ಪಾತ್ರ.”

“ಏನಾಗವ್ಳೆ ಸಾ ಅದ್ರಲ್ಲಿ?”

“ಗೋಧಿ ಬೆಳೆಯೋ ರೈತನ ಮಗಳು. ಅಪ್ಪ ಇವಳನ್ನ ಒಬ್ಬನಿಗೆ ಕೊಡ್ತೀನಿ ಅಂದುಬಿಟ್ಟಿರ್ತಾನೆ. ಆತ ಕುದುರೆಗಾಡಿ ತಂದು ಬಾಗಿಲಲ್ಲಿ ನಿಂತಿದಾನೆ. ಇವಳದು ಮೆತ್ತಗಿನ ಸ್ವಭಾವ, ಎದುರು ಮಾತಾಡಲ್ಲ. ಸುಮ್ನೆ ಗಾಡಿ ಹತ್ತಿ ಹೋಗ್ತಾಳೆ. ತ್ಯಾಗವೇ ಈ ಕಥೆಯ ತಿರುಳು.”

ಚಿಕ್ಕಮಾದು ತಲೆಯಾಡಿಸಿದ. ವೇದಿಕೆಯ ಮೇಲಿನ ಇಂಗ್ಲಿಷ್ ಮಾತುಗಳು ದೂರದ ಕಾಲುವೆಯ ನೀರಿನ ಸದ್ದಿನ ಹಾಗೆ ಕಿವಿಯ ಪಕ್ಕದಲ್ಲೇ ಹರಿದುಹೋಗುತ್ತಿದ್ದವು. ಪಾದ ಮುಚ್ಚುವ ಬಿಳಿ ಗೌನು ತೊಟ್ಟು, ರಟ್ಟಿನ ಕಿಟಕಿಗೆ ಕೆನ್ನೆ ಆನಿಸಿ ಕೂತವಳು ತನ್ನ ಮಗಳೇ ಎಂದು ಎಷ್ಟು ಹೊತ್ತಾದರೂ ನಂಬಿಕೆ ಬರಲಿಲ್ಲ. ಬೆಳಿಗ್ಗೆ ಎದ್ದು ಕೊಟ್ಟಿಗೆ ಬಾಚಿ, ಡಬ್ಬಿ ಕಟ್ಟಿಕೊಂಡು ಬಸ್ಸಿಗೆ ಓಡುವ ಹುಡುಗಿ ಅದು. ಅವಳು ಏನೂ ಮಾಡದೆ ಸುಮ್ಮನೆ ಕೂತದ್ದನ್ನೇ ತಾನು ಇದುವರೆಗೆ ನೋಡಿಲ್ಲ ಎನ್ನಿಸಿತು. ಆ ಕಿಟಕಿಯಾಚೆ ಅವಳು ಏನನ್ನು ನೋಡುತ್ತಿದ್ದಾಳೋ ಅದನ್ನು ತಾನೂ ಕಾಣಬೇಕೆಂದು ಕತ್ತು ಚಾಚಿದ. ಅಲ್ಲಿದ್ದದ್ದು ನೀಲಿ ಪರದೆ ಮಾತ್ರ.

ಟೋಪಿ ಹಾಕಿದ ಹುಡುಗ ಬಂದು ಅವಳ ಮುಂದೆ ಕೈ ಚಾಚಿ ಏನೋ ಕೇಳಿದ. “ಈಗ ನೋಡಿ, ಬರ್ತೀನಿ ಅಂತಾಳೆ” ಎಂದರು ಮೇಷ್ಟ್ರು.

ರಂಜಿನಿ ಎದ್ದು ನಿಂತಳು. ಪರದೆಯ ಹಿಂದಿನಿಂದ ಯಾರೋ ಅವಳ ಮಾತನ್ನು ಪಿಸುಗುಟ್ಟಿ ನೆನಪಿಸಿದರು. ಮತ್ತೆ, ಸ್ವಲ್ಪ ಜೋರಾಗಿ ನೆನಪಿಸಿದರು. ಹತ್ತಿ ಬೀಳುತ್ತಲೇ ಇತ್ತು.

“ನಾ ಬರಕಿಲ್ಲ ಕಣಪ್ಪ” ಎಂದಳು ರಂಜಿನಿ.

ಸಭಾಂಗಣ ಒಂದು ಗಳಿಗೆ ತಬ್ಬಿಬ್ಬಾಗಿ, ಆಮೇಲೆ ಹೋ ಎಂದು ನಕ್ಕಿತು. ಶಿಳ್ಳೆ ಬಿದ್ದವು. ಟೋಪಿಯ ಹುಡುಗ ಚಾಚಿದ ಕೈಯನ್ನು ಎಲ್ಲಿಡುವುದೋ ತಿಳಿಯದೆ ಕಣ್ಣು ಪಿಳಿಪಿಳಿ ಬಿಟ್ಟ. “ಅಯ್ಯೋ, ಕಥೆಯಲ್ಲಿ ಹಾಗಿಲ್ಲ!” ಎಂದು ಮೇಷ್ಟ್ರೂ ನಗುತ್ತಲೇ ಎದ್ದು ಮುಂದಕ್ಕೆ ಓಡಿದರು. ಚಿಕ್ಕಮಾದುವಿಗೆ ನಗು ಬರಲಿಲ್ಲ. ಅವಳು ಟೋಪಿಯವನನ್ನು ನೋಡುತ್ತಿರಲಿಲ್ಲ. ಎಲ್ಲರ ತಲೆಗಳ ಮೇಲಿಂದ, ಕತ್ತಲು ತುಂಬಿದ ಹಿಂದಿನ ಸಾಲಿನತ್ತ ನೋಡುತ್ತಿದ್ದಳು.

ನಾಟಕ ಮುಗಿದ ಮೇಲೆ ಇಬ್ಬರೂ ಬಸ್ ನಿಲ್ದಾಣಕ್ಕೆ ನಡೆದರು. ಅವಳ ಬ್ಯಾಗು ಅವನ ಹೆಗಲಲ್ಲಿತ್ತು. ಅವಳ ಕೆನ್ನೆಯ ಮೇಲೆ ಬಣ್ಣ ಇನ್ನೂ ಉಳಿದಿತ್ತು. ತೆರಕಣಾಂಬಿಯ ಬಸ್ಸು ಆಗಲೇ ಬಂದು ನಿಂತಿತ್ತು.

“ಕತೇಲಿ ಹಂಗಿಲ್ವಂತೆ” ಎಂದ ಚಿಕ್ಕಮಾದು.

“ಊಂ. ಇಲ್ಲ.”

“ಗಣೇಶ ಒಳ್ಳೆ ಹುಡ್ಗ ಕಣಮ್ಮಿ.”

“ಒಳ್ಳೇವ್ನೇಯ. ನಾನೆಲ್ಲಿ ಅಲ್ಲ ಅಂದೆ?”

“ಮತ್ತೆ ಮೊದ್ಲೇ ಯೋಳ್ಬಾರ್ದಾಗಿತ್ತಾ?”

“ನೀವ್ಯಾರು ಕೇಳ್ನಿಲ್ವಲ್ಲಪ್ಪ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿದ್ದೆಯಿಂದ ಎದ್ದವರು ಮಾತಾಡುವ ಹಾಗಿತ್ತು.

ಅವನು ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲಿಟ್ಟವನು ಹಾಗೇ ನಿಂತುಬಿಟ್ಟ. ಹತ್ತುವವರು ಬೈದುಕೊಂಡು ಅವನನ್ನು ಸುತ್ತಿಕೊಂಡು ಹತ್ತಿದರು. ಆಮೇಲೆ ಕಾಲು ಕೆಳಗಿಟ್ಟು, ಬ್ಯಾಗನ್ನು ತೆಗೆದು ಅವಳ ಕೈಗೆ ಕೊಟ್ಟ. “ಬೇಗೂರ್ ಬಸ್ ಅಗಾ, ಅಲ್ಲೇ ಅದೆ. ನೀನು ಮನ್ಗೋಗು. ನಾನು ಬರದು ತಡಾಯ್ತದೆ ಅಂತ ಅವ್ವುಂಗೇಳು.”

ರಂಜಿನಿ ಅವನ ತೋಳು ಹಿಡಿದಳು. “ನಾನೂ ಬತ್ತೀನಿ ಕಣಪ್ಪ. ಅತ್ತೆಗೆ ನಾನೇ ಯೋಳ್ತೀನಿ.”

“ಮಾತು ಕೊಟ್ಟೋನು ನಾನು ಕಣಮ್ಮಿ” ಎಂದು ಮೆಲ್ಲಗೆ ತೋಳು ಬಿಡಿಸಿಕೊಂಡ.

ಅವಳು ಬೇಗೂರಿನ ಬಸ್ಸು ಹತ್ತಿದ್ದನ್ನು ನೋಡಿಕೊಂಡೇ ಅವನು ತೆರಕಣಾಂಬಿಯ ಬಸ್ಸು ಹತ್ತಿದ. ಊರು ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಚೆಂಡುಹೂವಿನ ಹೊಲಗಳು. ಇಳಿಬಿಸಿಲು ಬಿದ್ದು, ನೆಲವೇ ಹಳದಿಯಾಗಿ ಮೆಲ್ಲಗೆ ಹಿಂದಕ್ಕೆ ತೇಲಿಹೋಗುತ್ತಿತ್ತು. ‘ಅಕ್ಕಾ’ ಎಂದು ಮನಸ್ಸಿನಲ್ಲೇ ಶುರುಮಾಡಿದ. ಮತ್ತೊಮ್ಮೆ, ಈ ಸಲ ಬಾಯಿಬಿಟ್ಟೇ, “ಅಕ್ಕಾ” ಎಂದ.

ಕಂಡಕ್ಟರು ಬಾಗಿ ಕೇಳಿದ. “ಎಷ್ಟು ಜನ ಯಜಮಾನ್ರೇ?”

ಚಿಕ್ಕಮಾದು ಪಕ್ಕದ ಖಾಲಿ ಸೀಟಿನತ್ತ ಒಮ್ಮೆ ನೋಡಿದ.

“ಒಬ್ನೇ.”