ಬೀದಿಗೆ ಬಂದ ಅಡುಗೆಮನೆ

ಹಳೆಯ ಅಗ್ರಹಾರದ ಆ ಮನೆ ಕಟ್ಟಿ ಎಪ್ಪತ್ತು ವರ್ಷವಾಗಿತ್ತು. ಅದರ ಅಡುಗೆಮನೆ ಬೀದಿಗಿತ್ತು, ಜಗಲಿ ಹಿತ್ತಲಿಗಿತ್ತು. ಅಡುಗೆಮನೆಯನ್ನು ಹಿಂದಕ್ಕೆ ಹಾಕಿಸಲು ಕಮಲಾಕ್ಷಮ್ಮ ಅನುಮತಿ ಕೇಳಿದ್ದರು.

"ಒಗ್ಗರಣೆ ಹಾಕಿದ್ರೆ ದಾರೀಲಿ ಹೋಗೋರೆಲ್ಲ ಸೀನ್ತಾರೆ ಸಾರ್. ಇಂಗು ಜಾಸ್ತಿಯಾಯ್ತು ಅಂತ ಸೈಕಲ್ಲಿನವನೂ ಹೇಳಿ ಹೋಗ್ತಾನೆ."

ಪಾರಂಪರಿಕ ಕಟ್ಟಡಗಳ ಅಧಿಕಾರಿ, ಅಕ್ಷರ ಮಾಸಿದ ಮೂಲನಕ್ಷೆಯನ್ನು ಬಿಡಿಸಿ ಹಿಡಿದರು. "ಒಂದು ಇಟ್ಟಿಗೆಯನ್ನೂ ಕದಲಿಸೋ ಹಾಗಿಲ್ಲಮ್ಮ. ನೋಡಿ, ಒಲೆ ಬೀದಿ ಕಡೆಗೇ ಬರೆದಿದೆ. ಆ ಕಾಲಕ್ಕೆ ಇದು ದೊಡ್ಡ ಕ್ರಾಂತಿ."

ಮನೆ ಕಟ್ಟಿದ್ದ ಮೇಸ್ತ್ರಿಯನ್ನು ಕಮಲಾಕ್ಷಮ್ಮ ಸಾಕ್ಷಿಗೆಂದು ಕರೆಸಿದ್ದರು. ತೊಂಬತ್ತು ದಾಟಿದ ಮುದುಕ. ಅವನು ನಿಧಾನವಾಗಿ ಎದ್ದು ಬಂದು, ಅಧಿಕಾರಿಯ ಕೈಯಲ್ಲಿದ್ದ ನಕ್ಷೆಯನ್ನು ತಿರುಗಿಸಿ ಹಿಡಿಸಿದ.

"ಆವತ್ತು ನಾನೂ ನಿಮ್ಮಂಗೇ ತಲೆಕೆಳಗೆ ಹಿಡ್ಕಂಡಿದ್ದೆ, ಬುದ್ಧಿ."