ಮಗ್ಗುಲ ಹಾಲು

"ಏಳೇ ಮೇಲೆ. ಎದ್ದು ಕೂತು ಹಾಲು ಕೊಡು," ಎಂದು ದೊಡ್ಡತ್ತೆ ಬಾಗಿಲಲ್ಲೇ ನಿಂತು ಗದರಿದಳು. ಒಳಗೆ ಮಲಗಿದ್ದ ಸೊಸೆಯ ಮಾವನ ಅಕ್ಕ ಆಕೆ. ಮಾವ ತೀರಿಕೊಂಡ ಮೇಲೂ ಆ ಮನೆಯಲ್ಲಿ ಅವಳ ಮಾತಿಗೆ ಎದುರಿರಲಿಲ್ಲ.

ಸೊಸೆ ಏಳಲಿಲ್ಲ. ಹೊಟ್ಟೆ ಕೊಯ್ದು ಮಗು ತೆಗೆದು ಇಂದಿಗೆ ಒಂಬತ್ತು ದಿನ. ಗೋಡೆಗೊರಗಿ ಕೂತರೆ ಹೊಲಿಗೆ ಜಗ್ಗುತ್ತಿತ್ತು. ನೋವಿಗೆ ಹಲ್ಲು ಕಚ್ಚಿದರೆ ಹಾಲು ಇಳಿಯುತ್ತಿರಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಎರಡು ದಿನ ತಾಯಿ ಮಗು ಇಬ್ಬರೂ ಅತ್ತಿದ್ದೇ ಬಂತು. ಬೆಳಿಗ್ಗೆ ಬಂದ ನರ್ಸಮ್ಮ ಅವಳನ್ನು ಎಡಮಗ್ಗುಲಿಗೆ ಹೊರಳಿಸಿ, ಬೆನ್ನಿಗೊಂದು ಕಂಬಳಿ ಸುತ್ತಿ ಕೊಟ್ಟು, ಮಗುವನ್ನು ಅವಳ ಕಡೆಗೆ ಮುಖ ಮಾಡಿ ಮಲಗಿಸಿ ಹೋಗಿದ್ದಳು. ಈಗ ಮಗು ಗುಟುಕು ಗುಟುಕಾಗಿ ಕುಡಿಯುತ್ತಿತ್ತು. ಆ ಸದ್ದು ಕೋಣೆಗೆಲ್ಲ ಕೇಳುತ್ತಿತ್ತು.

"ಮಲಗಿ ಕೊಟ್ರೆ ಹಾಲು ಕಿವಿಗೆ ಇಳಿಯುತ್ತೆ. ನಾನು ಹೇಳೋದು ಬೇಡ, ನಿನ್ನ ಗಂಡನ ಎಡಗಿವಿನೇ ಕೇಳು."

"ಅದಕ್ಕೆ ಕೇಳಿಸಲ್ವಲ್ಲ ದೊಡ್ಡತ್ತೆ," ಎಂದಳು ಸೊಸೆ, ಮಗುವಿನಿಂದ ಕಣ್ಣೆತ್ತದೆ.

ಮೂಲೆಯಲ್ಲಿ ಮಗುವಿನ ಬಟ್ಟೆ ಮಡಿಸುತ್ತಿದ್ದ ಅತ್ತೆಯ ಕೈ ನಿಂತಿತು. ಮಗನ ಕಿವಿಯ ಮಾತು ಬಂದಾಗಲೆಲ್ಲ ಅವಳ ತಲೆ ತಾನಾಗಿ ಬಾಗುತ್ತಿದ್ದುದನ್ನು ಸೊಸೆ ಮದುವೆಯಾದಂದಿನಿಂದ ನೋಡಿದ್ದಳು. ನೂಲಿನ ಗಿರಣಿಯಲ್ಲಿ ದಿನವಿಡೀ ನಿಂತು ದುಡಿದು ಬಂದು, ಕೂರಲೂ ಕಸುವಿಲ್ಲದೆ ನೆಲಕ್ಕುರುಳಿ, ಮಗನ ಬಾಯಿಗೆ ಎದೆ ಕೊಟ್ಟು ಹಾಗೇ ನಿದ್ದೆ ಹೋಗುತ್ತಿದ್ದವಳು ಆಕೆ. ಮಗ ಮೂರನೇ ತರಗತಿಯಲ್ಲಿದ್ದಾಗ, ಎಡಗಡೆಯಿಂದ ಕೂಗಿದರೆ ಅವನಿಗೆ ಕೇಳುವುದಿಲ್ಲವೆಂದು ಗೊತ್ತಾಯಿತು. ಕಾರಣ ಹುಡುಕಿ ಕೊಟ್ಟವಳು ದೊಡ್ಡತ್ತೆ.

"ಅತ್ತೆ, ನೀವು ಹೇಳಿ," ಎಂದಳು ಸೊಸೆ. "ಇವರು ಹೇಳಿದ್ರೆ ನಾನು ಏಳಲ್ಲ. ನೀವು ಹೇಳಿದ್ರೆ ಏಳ್ತೀನಿ, ಹೊಲಿಗೆ ಬಿಚ್ಚಿದ್ರೂ ಸರಿ."

ಅತ್ತೆ ಕೈಲಿದ್ದ ಬಟ್ಟೆ ಕೆಳಗಿಟ್ಟು, "ಏಳು ಮಗಳೇ," ಎಂದಳು. "ನಾನು ಮಾಡಿದ ಪಾಪ ನಿನಗೆ ಬೇಡ."

ಸೊಸೆ ಒಂದು ಕೈಯನ್ನು ನೆಲಕ್ಕೂರಿದಳು. ಅಷ್ಟರಲ್ಲಿ, "ಏಳಬೇಡ ಕಣೇ," ಎಂಬ ದನಿ ಕೇಳಿತು. ಲೇತ್ ಕೆಲಸದಿಂದ ಊಟಕ್ಕೆ ಬಂದ ಗಂಡ ದೊಡ್ಡತ್ತೆಯ ಹಿಂದೆ ನಿಂತಿದ್ದ. ಎಣ್ಣೆ ಮೆತ್ತಿದ ಬೆರಳುಗಳನ್ನು ಒರೆಸಿದ್ದೇ ಒರೆಸಿದ. "ಅಮ್ಮ, ನನ್ನ ಕಿವಿ ಹೋಗಿದ್ದು ಹಾಲಿಂದ ಅಲ್ಲ. ಮೂರನೇ ಕ್ಲಾಸಲ್ಲಿ ಮೇಷ್ಟ್ರು ಹೊಡೆದ ಏಟು. ಸರಿಯಾಗಿ ಕಿವಿ ಮೇಲೇ ಬಿತ್ತು. ಗುಂಯ್ ಅಂತು, ಆಮೇಲೆ ಏನೂ ಇಲ್ಲ."

"ಯಾಕೋ ಹೇಳಲಿಲ್ಲ?"

"ಹೇಳಿದ್ರೆ ನೀನು ಶಾಲೆಗೆ ಬಂದು ಜಗಳ ತೆಗೀತಿದ್ದೆ. ಅವರು ಇನ್ನೊಂದು ಕಿವಿಗೂ ಕೊಡ್ತಿದ್ರು. ಅಷ್ಟರಲ್ಲಿ ದೊಡ್ಡತ್ತೆ ಹಾಲು ಅಂದ್ರು. ನನಗೂ ಅದೇ ಅನುಕೂಲ ಆಯ್ತು. ಸುಮ್ನಿದ್ದುಬಿಟ್ಟೆ."

"ಅನುಕೂಲ," ಎಂದಳು ತಾಯಿ. ಇಪ್ಪತ್ತಮೂರು ವರ್ಷ ದೇವರ ಮುಂದೆ ನಿಂತಾಗಲೆಲ್ಲ ಅವಳು ಬೇಡಿದ್ದು ಒಂದೇ: ತನ್ನ ನಿದ್ದೆಗೆ ಕ್ಷಮೆ. ದೇವರು ಅಷ್ಟು ವರ್ಷವೂ ಏನೂ ಹೇಳಿರಲಿಲ್ಲ; ಕ್ಷಮಿಸುವುದಕ್ಕೆ ಅವನಿಗೆ ಅವಳಲ್ಲಿ ತಪ್ಪೇ ಸಿಕ್ಕಿರಲಿಲ್ಲವೇನೋ. ಅವಳು ಮಗನನ್ನು ಬಯ್ಯಲಿಲ್ಲ. ಅವನ ಕಡೆ ನೋಡಲೂ ಇಲ್ಲ. "ಹೋಗು, ಅನ್ನ ಮುಚ್ಚಿಟ್ಟಿದೀನಿ. ನೀನೇ ಬಡಿಸ್ಕೋ," ಎಂದಳು. ಮಗ ಅಡುಗೆಮನೆಗೆ ಸರಿದ.

ದೊಡ್ಡತ್ತೆ ಮಾತ್ರ ಜಾಗ ಬಿಟ್ಟು ಕದಲಲಿಲ್ಲ. "ಏಟೋ ಗೀಟೋ! ಹಾಲು ಇಳಿದು ಮೊದಲೇ ಮೆತ್ತಗಾಗಿತ್ತು ಆ ಕಿವಿ. ಇಲ್ಲದಿದ್ರೆ ಒಂದು ಏಟಿಗೆ ಹೋಗುತ್ತಾ? ನನ್ನ ಕಣ್ಣೆದುರಿಗೆ ಈ ಮನೇಲಿ ಇನ್ನೊಂದು ಕಿವಿ ಹಾಳಾಗಕ್ಕೆ ನಾನು ಬಿಡಲ್ಲ," ಎನ್ನುತ್ತ ಸೊಸೆಯ ರಟ್ಟೆಗೆ ಕೈ ಹಾಕಲು ಬಂದಳು.

ಅತ್ತೆ ಎದ್ದು ನಡುವೆ ಬಂದಳು. ಜಗಳಕ್ಕೆ ಬಂದವಳಂತೆ ಕಾಣಲಿಲ್ಲ. ಬಹಳ ದಿನದಿಂದ ಬಾಕಿ ಉಳಿದ ಒಂದು ಮನೆಗೆಲಸ ಮುಗಿಸಲು ಬಂದವಳಂತಿದ್ದಳು. ಸೊಸೆಯ ಬೆನ್ನಿನ ಕಂಬಳಿಯನ್ನು ಬಿಗಿಯಾಗಿ ಒತ್ತಿಟ್ಟಳು. ಸುತ್ತಿಬಂದು ಮಗುವಿನ ಆಚೆ ಮಗ್ಗುಲಲ್ಲಿ, ಬರಿ ನೆಲದ ಮೇಲೆ, ಬಾಗಿಲಿಗೆ ಬೆನ್ನು ಮಾಡಿ ಮಲಗಿದಳು. ಮಗುವಿನ ಪುಟ್ಟ ಬೆನ್ನಿನ ಮೇಲೆ ಕೈ ಇಟ್ಟಳು. ಒಂದೊಂದು ಗುಟುಕಿಗೂ ಆ ಬೆನ್ನು ಏರಿಳಿಯುತ್ತಿತ್ತು.

"ಏನೇ ಇದು? ನಿನಗೆ ಹೇಳೋರು ಕೇಳೋರು ಯಾರೂ ಇಲ್ವಾ?" ಎಂದಳು ದೊಡ್ಡತ್ತೆ.

ಅತ್ತೆ ತಿರುಗಲಿಲ್ಲ.

"ಹೋಗ್ತಾ ಆ ಬಾಗಿಲು ಎಳ್ಕೊಂಡು ಹೋಗಿ ಅಕ್ಕ. ಇಲ್ಲಿ ಮೂರು ಜನ ಮಲಗಿದೀವಿ."