ನಾನು ತಿಂದ ಭೂಮಿ

ತಂಗಿಯ ಹಿಟ್ಟಿನ ಭೂಮಿಯನ್ನು ಇಲಿ ತಿನ್ನಲಿಲ್ಲ, ನಾನೇ ತಿಂದೆ. ಜೋಳದ ಹಿಟ್ಟಿಗೆ ಬಿಸಿನೀರು ಸುರಿದಾಗ ಈಗಲೂ ಆ ಮಧ್ಯಾಹ್ನದ ವಾಸನೆ ಬರುತ್ತದೆ.

ಲಿಂಗಂಪಲ್ಲಿಯಲ್ಲಿ ಅಪ್ಪ ಪಾಯ ತೋಡುತ್ತಿದ್ದ, ನಾನು ಮಣ್ಣು ಹೊರುತ್ತಿದ್ದೆ. ಶಾಲೆಗೆ ಹೋಗುತ್ತಿದ್ದವಳು ತಂಗಿ ಒಬ್ಬಳೇ. ಶಾಲೆಯಲ್ಲಿ ತೋರಿಸಲು ಅವಳು ಹಿಟ್ಟಿನ ಉಂಡೆ ಕಟ್ಟಿ ಅರ್ಧಕ್ಕೆ ಕೊಯ್ದಿದ್ದಳು. ನಡುವೆ ಬೆಲ್ಲ, ಸುತ್ತ ಅರಿಶಿನದ ಹಿಟ್ಟು, ಮೇಲೊಂದು ತೆಳು ಪದರ.

“ಅಪ್ಪಾ, ನಾವು ಬರೇ ಸಿಪ್ಪಿ ಮ್ಯಾಲ ನಿಂತೀವಿ. ಒಳಗ ಕಲ್ಲು ಕಾದು ಬೆಂಕಿ ಆಗೈತಿ. ನಡುವಿನ ಬೆಲ್ಲ ಅಂದ್ರ ಕಬ್ಬಿಣ.”

“ಇಷ್ಟು ವರ್ಷ ತೋಡೀನಿ, ನನಗ ಗೊತ್ತಿರಲಿಲ್ಲ ನೋಡು. ಶಾಣ್ಯಾಕಿ!” ಅಪ್ಪ ಅವಳ ತಲೆ ಸವರಿದ. ನನ್ನ ತಲೆಯ ಮೇಲೆ ಮಣ್ಣಿನ ಬುಟ್ಟಿ ಹೊರುವ ಸಿಂಬಿ ಇತ್ತು.

ಅವರು ನೀರಿಗೆ ಹೋದಾಗ ಕಬ್ಬಿಣದಿಂದಲೇ ಶುರುಮಾಡಿ ಸಿಪ್ಪೆಯವರೆಗೂ ತಿಂದೆ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಪಾಯದ ಗುಂಡಿಗಿಳಿದು ತಳಕ್ಕೆ ಅಂಗೈ ಒತ್ತಿ ನೋಡಿದೆ. ತಣ್ಣಗಿತ್ತು. ಬುಟ್ಟಿ ತುಂಬಿಕೊಂಡೆ.